ಹೊಸ ಡೇಟಾಬೇಸ್ ಟ್ರಯಲ್ ಹಾಕಿದರೆ ಅಧ್ಯಾಪಕರಿಂದ ಉತ್ತರವೇ ಬರುವುದಿಲ್ಲ. ನಿಮ್ಮಲ್ಲಿ ಹೇಗೆ ಮಾಡುತ್ತೀರಿ?

ಕಪಾಟು
ಎಲ್ಲರಿಗೂ ನಮಸ್ಕಾರ. ನಾನು ಕಾಲೇಜು ಲೈಬ್ರರಿಯಲ್ಲಿ ಇ-ಸಂಪನ್ಮೂಲಗಳನ್ನು ನೋಡಿಕೊಳ್ಳುತ್ತೇನೆ. ಸಮಾಜ ವಿಜ್ಞಾನದ ಹೊಸ ಡೇಟಾಬೇಸ್ ಒಂದರ ಟ್ರಯಲ್, ಅಂದರೆ ಕೊಳ್ಳುವ ಮೊದಲು ಕೆಲವು ದಿನ ಬಳಸಿ ನೋಡುವ ಅವಕಾಶ, ಈಗಷ್ಟೇ ಮುಗಿಯಿತು. ಎಲ್ಲ ವಿಭಾಗಕ್ಕೂ ಮೇಲ್ ಹಾಕಿದ್ದೆವು, ಲೈಬ್ರರಿ ವೆಬ್‌ಸೈಟಿನಲ್ಲಿ ಎದ್ದು ಕಾಣುವ ಹಾಗೆ ಲಿಂಕ್ ಇಟ್ಟಿದ್ದೆವು, ಅಭಿಪ್ರಾಯ ಬರೆಯಲು ಫಾರ್ಮ್ ಕೊಟ್ಟಿದ್ದೆವು. ಬಂದ ಉತ್ತರ ಬೆರಳೆಣಿಕೆಯಷ್ಟು. ಅದರಲ್ಲೂ "ಚೆನ್ನಾಗಿದೆ, ತೆಗೆದುಕೊಳ್ಳಿ" ಅನ್ನುವುದೇ ಜಾಸ್ತಿ. ಯಾವುದು ಚೆನ್ನಾಗಿದೆ, ಯಾರ ಪಾಠಕ್ಕೆ ಬೇಕು, ಇದು ಬಂದರೆ ಯಾವುದನ್ನು ಬಿಡಬಹುದು ಎಂಬುದಕ್ಕೆ ಒಂದು ಸಾಲೂ ಇಲ್ಲ.

ಇನ್ನೊಂದು ಕಡೆ ಒಬ್ಬ ಹಿರಿಯ ಪ್ರಾಧ್ಯಾಪಕರು ಇದು ಬೇಕೇ ಬೇಕು ಎಂದು ಹಠ ಹಿಡಿದಿದ್ದಾರೆ. ಟ್ರಯಲ್ ಬಳಕೆಯ ಅಂಕಿ ನೋಡಿದರೆ ಆ ಹಠಕ್ಕೆ ಆಧಾರ ಕಾಣುವುದಿಲ್ಲ. ನಾನು ಯಾವುದನ್ನು ನಂಬಲಿ? ಅಧ್ಯಾಪಕರನ್ನು ಕೂರಿಸಿಕೊಂಡು ಸರಿಯಾಗಿ ಮೌಲ್ಯಮಾಪನ ಮಾಡುವ ದಾರಿ ಯಾರಿಗಾದರೂ ಸಿಕ್ಕಿದೆಯಾ?

ಹಳೇ ಲೈಬ್ರೇರಿಯನ್
ಮೊದಲು ಒಂದು ಪ್ರಶ್ನೆ. ಟ್ರಯಲ್ ಹಾಕುವಾಗ ಕೊಳ್ಳುವುದಕ್ಕೆ ದುಡ್ಡು ಇತ್ತಾ? ದುಡ್ಡಿಲ್ಲದೆ ಸುಮ್ನೆ ಟ್ರಯಲ್ ಹಾಕಬಾರದು. ಅಧ್ಯಾಪಕರು ಇಷ್ಟಪಟ್ಟು ಬಳಸಿ, ಪಾಠಕ್ಕೆ ಸೇರಿಸಿ, ಆಮೇಲೆ ಅದು ಮಾಯವಾದರೆ ಮುಂದಿನ ಸಲ ಅವರು ನಿಮ್ಮ ಮೇಲ್ ತೆರೆಯುವುದೇ ಇಲ್ಲ.

ಎರಡನೆಯದು ಸಮಯ. ಬಹಳ ಕಡೆ ಮಾರುವವರು ಹೇಳಿದ ತಾರೀಖಿಗೆ ಟ್ರಯಲ್ ಶುರುವಾಗುತ್ತದೆ. ಅದು ಪರೀಕ್ಷೆಯ ಹೊತ್ತಾಗಿರುತ್ತದೆ, ಇಲ್ಲವೇ ರಜೆ. ತಾರೀಖು ನೀವೇ ಹೇಳಿ. ಪಾಠ ಶುರುವಾಗಿ ಒಂದೆರಡು ವಾರ ಕಳೆದ ಮೇಲೆ ಒಳ್ಳೆಯದು. ಬೇರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ. ಐಪಿ ಮೂಲಕ, ಅಂದರೆ ಕಾಲೇಜಿನ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆಯುವ ಹಾಗೆ ಮಾಡಿಸಿ, ಹೊರಗಿನಿಂದ ಬರುವವರಿಗೆ ಕಾಲೇಜಿನ ಮೂಲಕವೇ ಒಳಬಿಡುವ ಪ್ರಾಕ್ಸಿ ಸೇರಿಸಿ.

ರಸಾಯನ ಮೇಷ್ಟ್ರು
ಅಧ್ಯಾಪಕರ ಕಡೆಯಿಂದ ಹೇಳುತ್ತೇನೆ. ಕಪಾಟು ಅವರೇ, ನಿಮ್ಮ ಮೇಲ್ ನಮಗೆ ಬರುತ್ತದೆ. ಅದರ ಜೊತೆ ಇನ್ನೂ ಹತ್ತಾರು ಬರುತ್ತವೆ. "ಹೊಸ ಡೇಟಾಬೇಸ್ ನೋಡಿ, ಅಭಿಪ್ರಾಯ ತಿಳಿಸಿ" ಅಂದರೆ ನಾನು ಏನು ನೋಡಬೇಕು? ಮುಖಪುಟ ನೋಡುತ್ತೇನೆ, ನನ್ನ ಹೆಸರು ಹುಡುಕುತ್ತೇನೆ, ನನ್ನ ಲೇಖನ ಸಿಕ್ಕರೆ ಚೆನ್ನಾಗಿದೆ ಅನ್ನುತ್ತೇನೆ. ಎಲ್ಲರೂ ಮಾಡುವುದು ಇಷ್ಟೇ.

ನನ್ನಿಂದ ನಿಜವಾದ ಉತ್ತರ ಬೇಕಾದರೆ ಕೆಲಸ ಕೊಡಿ. ನಮ್ಮ ಲೈಬ್ರೇರಿಯನ್ ಒಬ್ಬರು ಹಾಗೇ ಮಾಡಿದರು. "ನೀವು ಇತ್ತೀಚೆಗೆ ಬರೆದ ಲೇಖನದ ಆಕರ ಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ಎಷ್ಟು ಇಲ್ಲಿ ಪೂರ್ತಿ ಪಠ್ಯದಲ್ಲಿ ಸಿಗುತ್ತವೆ, ಎಷ್ಟಕ್ಕೆ ಬರೀ ಸಾರಾಂಶ ಇದೆ ನೋಡಿ" ಅಂದರು. ಕೂತು ಮಾಡಿದೆ. ನನಗೆ ಬೇಕಾದ ಹೊಸ ಸಂಚಿಕೆಗಳೇ ಅದರಲ್ಲಿ ಇರಲಿಲ್ಲ. ಆ ಪಟ್ಟಿ ನೋಡಿದ ಮೇಲೆ ಅದನ್ನು ಬೇಡ ಅನ್ನುವುದಕ್ಕೆ ಯಾರ ಜೊತೆಗೂ ಜಗಳ ಆಡಬೇಕಾಗಲಿಲ್ಲ.

ಕಪಾಟು
ಆಕರ ಪಟ್ಟಿಯ ಉಪಾಯ ತುಂಬ ಹಿಡಿಸಿತು ಸರ್. ಹೊಸ ಸಂಚಿಕೆ ಯಾಕೆ ಇರಲಿಲ್ಲ?

ಅಂಕಿಗಣ್ಣು
ಎಂಬಾರ್ಗೊ ಇರಬೇಕು. ಹಲವು ಪ್ರಕಾಶಕರ ಜರ್ನಲ್‌ಗಳನ್ನು ಒಟ್ಟುಗೂಡಿಸಿ ಕೊಡುವ ಡೇಟಾಬೇಸ್‌ಗಳಲ್ಲಿ ಇದು ಮಾಮೂಲಿ. ಜರ್ನಲ್ ಹೆಸರು ಪಟ್ಟಿಯಲ್ಲಿ ಇರುತ್ತದೆ, ಆದರೆ ಎಷ್ಟೋ ಸಲ ಇತ್ತೀಚಿನ 12 ತಿಂಗಳ ಪೂರ್ತಿ ಪಠ್ಯ ಇರುವುದಿಲ್ಲ. ಜೆಸ್ಟೋರ್‌ನಂಥ ಹಳೆಯ ಸಂಚಿಕೆಗಳ ಸಂಗ್ರಹದಲ್ಲಿ ಇದೇ ಅಂತರ ಸಾಮಾನ್ಯವಾಗಿ 3ರಿಂದ 5 ವರ್ಷ. ಅದನ್ನು ಅವರು ಬಚ್ಚಿಡುವುದಿಲ್ಲ. ಆದರೆ "ಇಷ್ಟು ಸಾವಿರ ಜರ್ನಲ್" ಅನ್ನುವ ಜಾಹೀರಾತು ನೋಡಿದವರಿಗೆ ಗೊತ್ತಾಗುವುದಿಲ್ಲ.

ಟ್ರಯಲ್‌ಗೆ ಮೊದಲೇ ಶೀರ್ಷಿಕೆಗಳ ಪಟ್ಟಿಯನ್ನು ಕೆಬಾರ್ಟ್ ನಮೂನೆಯಲ್ಲಿ ಕೇಳಿ ಪಡೆಯಿರಿ. ಅದರಲ್ಲಿ ಪ್ರತಿ ಜರ್ನಲ್‌ಗೂ ಮೊದಲ ಸಂಚಿಕೆ, ಕೊನೆಯ ಸಂಚಿಕೆ, ಎಂಬಾರ್ಗೊ ಎಲ್ಲದಕ್ಕೂ ಬೇರೆ ಬೇರೆ ಅಂಕಣ ಇದೆ. ನಿಮ್ಮ ಹತ್ತಿರ ಈಗಾಗಲೇ ಇರುವ ಪಟ್ಟಿಯ ಪಕ್ಕಕ್ಕಿಟ್ಟು ಹೋಲಿಸಿ. ಎರಡರಲ್ಲೂ ಇರುವುದನ್ನು ತೆಗೆದು ಹಾಕಿ. ಮುಕ್ತವಾಗಿ ಸಿಗುವ ಜರ್ನಲ್‌ಗಳನ್ನೂ ತೆಗೆಯಿರಿ. ಉಳಿದದ್ದನ್ನು ಮಾತ್ರ ವಿಭಾಗಕ್ಕೆ ಕಳಿಸಿ "ಇದರಲ್ಲಿ ನಿಮಗೆ ಬೇಕಾದದ್ದು ಯಾವುದು?" ಎಂದು ಕೇಳಿ. ಇದು ಲೈಬ್ರರಿಯ ಕೆಲಸ. ಅಧ್ಯಾಪಕರ ಮೇಲೆ ಹಾಕಬೇಡಿ.

ಇತಿಹಾಸದವಳು
ಬಳಕೆಯ ಅಂಕಿ ಕಡಿಮೆ ಇದೆ, ಪ್ರಾಧ್ಯಾಪಕರ ಹಠಕ್ಕೆ ಆಧಾರ ಇಲ್ಲ ಎಂದು ಬರೆದಿದ್ದೀರಿ. ಆ ಸಾಲಿಗೆ ನನ್ನ ತಕರಾರು ಇದೆ. ನಮ್ಮಂಥ ಸಣ್ಣ ವಿಭಾಗಗಳಿಗೆ ಈ ಲೆಕ್ಕ ಯಾವಾಗಲೂ ಅನ್ಯಾಯ ಮಾಡುತ್ತದೆ. ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹವನ್ನು ನಾನು ಮತ್ತು ನನ್ನ ಇಬ್ಬರು ವಿದ್ಯಾರ್ಥಿಗಳು ಮಾತ್ರ ಬಳಸಬಹುದು. ಆದರೆ ಅದಿಲ್ಲದಿದ್ದರೆ ಆ ಎರಡು ಪ್ರಬಂಧಗಳೇ ಇಲ್ಲ. ವೈದ್ಯಕೀಯ ವಿಭಾಗದ ನೂರಾರು ಜನ ಒಂದೊಂದು ಲೇಖನ ಡೌನ್‌ಲೋಡ್ ಮಾಡುವುದನ್ನು, ಒಬ್ಬಳು ತಿಂಗಳುಗಟ್ಟಲೆ ಒಂದೇ ಸಂಗ್ರಹದಲ್ಲಿ ಕೂತು ಓದುವುದನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಅಂಕಿಗಣ್ಣು
ಮೇಡಂ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಅಂಕಿಯನ್ನೇ ಬಿಡಿ ಅನ್ನುವುದನ್ನು ಒಪ್ಪುವುದಿಲ್ಲ. ಅಂಕಿಯನ್ನು ಓದುವ ರೀತಿ ಸರಿ ಇರಬೇಕು.

ಕೌಂಟರ್ ಎಂಬ ಬಳಕೆ ವರದಿಗಳನ್ನೇ ತೆಗೆದುಕೊಳ್ಳಿ. 2002ರಲ್ಲಿ ಈ ಯೋಜನೆ ಶುರುವಾಯಿತು. ಎಲ್ಲ ಪ್ರಕಾಶಕರೂ ಬಳಕೆಯನ್ನು ಒಂದೇ ರೀತಿ ಎಣಿಸಲಿ ಎಂಬುದು ಉದ್ದೇಶ. ಅದರ 5ನೇ ಆವೃತ್ತಿ 2019ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಇನ್ವೆಸ್ಟಿಗೇಷನ್ ಅಂದರೆ ಸಾರಾಂಶ ನೋಡಿದ್ದೂ ಸೇರುತ್ತದೆ. ರಿಕ್ವೆಸ್ಟ್ ಅಂದರೆ ಪೂರ್ತಿ ಪಠ್ಯವನ್ನೇ ತೆರೆದದ್ದು. ಮಾರುವವರು ಮೊದಲನೆಯದನ್ನು ತೋರಿಸಿ "ನೋಡಿ ಎಷ್ಟು ಬಳಕೆ" ಅನ್ನಬಹುದು. ನೀವು ಎರಡನೆಯದನ್ನು ಕೇಳಿ.

ಅದರಲ್ಲೂ ಟೋಟಲ್ ಬೇರೆ, ಯೂನೀಕ್ ಬೇರೆ. ಕೆಲವು ವೆಬ್‌ಸೈಟ್‌ಗಳಲ್ಲಿ ಮೊದಲು ಎಚ್‌ಟಿಎಂಎಲ್ ಪುಟ ತಾನಾಗಿ ತೆರೆಯುತ್ತದೆ, ಆಮೇಲೆ ಓದುಗ ಪಿಡಿಎಫ್ ಇಳಿಸಿಕೊಳ್ಳುತ್ತಾನೆ. ಟೋಟಲ್‌ನಲ್ಲಿ ಅದು 2, ಯೂನೀಕ್‌ನಲ್ಲಿ 1. ಎರಡು ಕಂಪನಿಗಳನ್ನು ಹೋಲಿಸುವಾಗ ಯೂನೀಕ್ ನೋಡದಿದ್ದರೆ ವೆಬ್‌ಸೈಟಿನ ವಿನ್ಯಾಸಕ್ಕೇ ಅಂಕ ಕೊಟ್ಟಂತೆ ಆಗುತ್ತದೆ.

ಟ್ರಯಲ್ ಅವಧಿಯ ಅಂಕಿಗಿಂತ ನನಗೆ ಹೆಚ್ಚು ಬೇಕಾದದ್ದು ಬಾಗಿಲಲ್ಲೇ ವಾಪಸ್ಸಾದವರ ಲೆಕ್ಕ. ನೀವು ಕೊಂಡಿಲ್ಲದ ಜರ್ನಲ್‌ನ ಲೇಖನ ತೆರೆಯಲು ಎಷ್ಟು ಸಲ ಪ್ರಯತ್ನಿಸಿ ಸೋತರು ಅನ್ನುವುದು 'ನೋ ಲೈಸೆನ್ಸ್' ಎಂಬ ಹೆಸರಿನಲ್ಲಿ ಅದೇ ವರದಿಗಳಲ್ಲಿ ಇರುತ್ತದೆ. ಅದಕ್ಕೆ ಅಂತರ ಲೈಬ್ರರಿ ಎರವಲಿನ ಕೋರಿಕೆಗಳನ್ನು ಸೇರಿಸಿ. ಇದು ಯಾರೂ ಹೇಳಿಸದೆ ಮಾಡಿದ ಬೇಡಿಕೆ, ಅಲ್ವಾ?

ಇತಿಹಾಸದವಳು
ಬಾಗಿಲಲ್ಲೇ ವಾಪಸ್ಸಾದವರ ಲೆಕ್ಕದಲ್ಲೂ ನಾವು ಕಡಿಮೆಯೇ ಇರುತ್ತೇವೆ. ನಾನು ಕೇಳುತ್ತಿರುವುದು ಅಂಕಿಯ ಜೊತೆ ಇನ್ನೊಂದು ಸಾಲು. ಯಾರು ಬಳಸುತ್ತಾರೆ, ಯಾವುದಕ್ಕೆ, ಬೇರೆ ಕಡೆ ಸಿಗುತ್ತದೆಯಾ. ಆ ಮೂರನೆಯ ಪ್ರಶ್ನೆ ಮುಖ್ಯ. ಬೇರೆಲ್ಲೂ ಸಿಗದ ವಸ್ತುವಿಗೆ ಬೇರೆ ಅಳತೆ ಇರಲಿ.

ಹಳೇ ಲೈಬ್ರೇರಿಯನ್
ಅದಕ್ಕೇ ವಿಭಾಗವಾರು ಹೋಲಿಕೆ ಮಾಡಬೇಕು. ಇತಿಹಾಸದ ಡೇಟಾಬೇಸ್ ಅನ್ನು ಇನ್ನೊಂದು ಇತಿಹಾಸದ ಡೇಟಾಬೇಸ್ ಜೊತೆ ಹೋಲಿಸಿ. ಒಂದೇ ಸಲ ಕೊಳ್ಳುವ ಸಂಗ್ರಹವನ್ನು ವರ್ಷವರ್ಷ ಚಂದಾ ಕಟ್ಟುವ ಡೇಟಾಬೇಸ್ ಜೊತೆ ಇಡಬೇಡಿ. ಒಂದೇ ಸಲ ಕೊಂಡದ್ದರ ಬೆಲೆಯನ್ನು ಹಲವು ವರ್ಷಗಳಿಗೆ ಹಂಚಬೇಕು. ವೇದಿಕೆ ಶುಲ್ಕ ಅಂತ ವರ್ಷಕ್ಕೊಮ್ಮೆ ಕೇಳುತ್ತಾರಾ ಅದನ್ನೂ ವಿಚಾರಿಸಿ.

ಸಂಶೋಧಕ
ನಮ್ಮನ್ನು ಯಾರೂ ಕೇಳುವುದಿಲ್ಲ. ಡೇಟಾಬೇಸ್ ಒಳಗೆ ದಿನಗಟ್ಟಲೆ ಇರುವವರು ಸಂಶೋಧನಾ ವಿದ್ಯಾರ್ಥಿಗಳು. ಎಷ್ಟೋ ಪ್ರಾಧ್ಯಾಪಕರು ತಮಗೆ ಬೇಕಾದ ಲೇಖನ ಹುಡುಕಲು ನಮಗೇ ಹೇಳುತ್ತಾರೆ. ಒಂದೇ ಸಲಕ್ಕೆ ಎಷ್ಟು ಆಕರಗಳನ್ನು ಜೊಟೆರೋಗೆ (ಆಕರ ಜೋಡಿಸಿಡುವ ತಂತ್ರಾಂಶ) ಇಳಿಸಿಕೊಳ್ಳಬಹುದು, ಹುಡುಕಾಟವನ್ನು ಉಳಿಸಿಡಬಹುದಾ, ಮನೆಯಿಂದ ತೆರೆದರೆ ಲಾಗಿನ್ ಪುಟದಲ್ಲೇ ಸುತ್ತುತ್ತದಾ, ಇವನ್ನು ನಮ್ಮನ್ನು ಕೇಳಿ.

ರಸಾಯನ ಮೇಷ್ಟ್ರು
ಇದು ನೂರಕ್ಕೆ ನೂರು ನಿಜ.

ಮಾರಾಟದ ಕಡೆಯವ
ನಾನು ಇಂಥ ಡೇಟಾಬೇಸ್ ಮಾರುವ ಕೆಲಸ ಮಾಡುತ್ತೇನೆ. ಕಂಪನಿ ಹೆಸರು ಬೇಡ. ಎಲ್ಲ ಕಡೆಯೂ ನಮ್ಮ ಮೇಲೆ ಒಂದು ದೂರು ಇದೆ, ಲೈಬ್ರರಿ ಬಿಟ್ಟು ನೇರವಾಗಿ ಪ್ರಾಧ್ಯಾಪಕರ ಹತ್ತಿರ ಹೋಗುತ್ತೀರಿ ಅಂತ. ಹೋಗುತ್ತೇವೆ. ಯಾಕೆಂದರೆ ಲೈಬ್ರರಿಗೆ ಬರೆದರೆ ಎಷ್ಟೋ ಸಲ ಉತ್ತರ ಬರುವುದಿಲ್ಲ. ಲೈಬ್ರರಿ ಮತ್ತು ವಿಭಾಗ ಒಟ್ಟಿಗೆ ಕೂತು ನಮ್ಮನ್ನು ಕರೆದು, ಇದು ನಮ್ಮ ಪ್ರಶ್ನೆಪಟ್ಟಿ, ಇದಕ್ಕೆ ಉತ್ತರ ಕೊಡಿ ಅಂದರೆ ನಮಗೂ ಕೆಲಸ ಸುಲಭ.

ಹಳೇ ಲೈಬ್ರೇರಿಯನ್
ನೇರವಾಗಿ ಹೋಗುವುದಕ್ಕೆ ಅದು ಕಾರಣವಾಗಬಾರದು. ನೀವು ಪ್ರಾಧ್ಯಾಪಕರಿಗೆ ಒಳ್ಳೆಯ ಮುಖ ಮಾತ್ರ ತೋರಿಸುತ್ತೀರಿ. ಬೆಲೆ, ಕರಾರು, ಮುಂದಿನ ವರ್ಷದ ಏರಿಕೆ ಇವುಗಳ ಮಾತು ಲೈಬ್ರರಿಯ ಬಾಗಿಲಿಗೆ ಬಂದಾಗ ಮಾತ್ರ ಹೊರಬರುತ್ತದೆ. ಅಷ್ಟು ಹೊತ್ತಿಗೆ ವಿಭಾಗ ಮನಸ್ಸು ಮಾಡಿಬಿಟ್ಟಿರುತ್ತದೆ. ಬೇಡ ಅಂದರೆ ಕೆಟ್ಟವರು ನಾವು. ಇದರಿಂದ ಅಧ್ಯಾಪಕರ ಮತ್ತು ಲೈಬ್ರರಿಯ ನಡುವೆ ಎಷ್ಟೋ ಕಡೆ ಮಾತೇ ಕೆಟ್ಟಿದೆ. ನೀವು ಬಂದು ಹೇಳಿದ್ದಕ್ಕೆ ಸಂತೋಷ, ಆದರೆ ಈ ಅಭ್ಯಾಸ ನಿಲ್ಲಬೇಕು.

ಮಾರಾಟದ ಕಡೆಯವ
ಬೆಲೆಯ ವಿಷಯ ಒಪ್ಪಿದೆ. ಮೊದಲ ಭೇಟಿಯಲ್ಲೇ ಇಬ್ಬರೂ ಇರಬೇಕು.

ಕೇಳಿ ಓದುವವನು
ಇಷ್ಟು ಹೊತ್ತಾದರೂ ಒಬ್ಬರೂ ಈ ವಿಷಯ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ. ಪಾಠ ಮಾಡುತ್ತೇನೆ, ಸ್ಕ್ರೀನ್ ರೀಡರ್ ಮೂಲಕ ಓದುತ್ತೇನೆ. ನಮ್ಮಲ್ಲಿ ಭಾರಿ ಸಂಭ್ರಮದಿಂದ ಕೊಂಡ ಇ-ಬುಕ್ ಸಂಗ್ರಹವೊಂದರಲ್ಲಿ ಪುಟಗಳು ಬರೀ ಚಿತ್ರಗಳು. ಅಕ್ಷರವೇ ಇಲ್ಲ. ನನ್ನ ಪಾಲಿಗೆ ಆ ಸಂಗ್ರಹ ಖಾಲಿ. ಕೊಳ್ಳುವ ಮೊದಲು ಒಬ್ಬರು ಕೇಳಿದ್ದರೂ ಸಾಕಿತ್ತು.

ಕಂಪನಿಗಳು ವಿಪ್ಯಾಟ್ ಎಂಬ ನಮೂನೆಯಲ್ಲಿ ತಮ್ಮ ಉತ್ಪನ್ನ ವಿಕಲಚೇತನರಿಗೆ ಎಷ್ಟು ಸುಲಭಗಮ್ಯ ಎಂದು ಬರೆದು ಕೊಡುತ್ತವೆ. ಅದನ್ನು ಕೇಳಿ ಪಡೆಯಿರಿ, ಆದರೆ ಅದರಲ್ಲೇ ನಿಲ್ಲಬೇಡಿ. ಸಾಮಾನ್ಯವಾಗಿ ಅದನ್ನು ತುಂಬುವುದು ಕಂಪನಿಯೇ. ವೆಬ್ ಸುಲಭಗಮ್ಯತೆಯ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಯ ಯಾವ ಆವೃತ್ತಿಗೆ ತುಂಬಿದ್ದಾರೆ ನೋಡಿ. 2.1 ಬಂದದ್ದು 2018ರಲ್ಲಿ, ಅದಕ್ಕಿಂತ ಹಳೆಯದಾದರೆ ಪ್ರಶ್ನೆ ಕೇಳಿ. ಆಮೇಲೆ ಟ್ರಯಲ್‌ನಲ್ಲೇ ನಮ್ಮಂಥವರನ್ನು ಕೂರಿಸಿ. ಮೌಸ್ ಮುಟ್ಟದೆ ಬರೀ ಕೀಬೋರ್ಡಿನಿಂದ ಹುಡುಕಿ, ಒಂದು ಅಧ್ಯಾಯ ತೆರೆದು, ಓದಿಸಿಕೊಂಡು ಹೊರಬರಲು ಆಗುತ್ತದಾ? ಆಗದಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಎಂದು ಬರೆದುಕೊಳ್ಳಿ. ಸಹಿ ಹಾಕುವ ಮೊದಲು ಕೇಳಿದರೆ ಕಂಪನಿಗಳು ಸರಿಪಡಿಸುತ್ತವೆ. ಸಹಿ ಬಿದ್ದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಕಪಾಟು
ಸರ್, ಇದು ನಮ್ಮ ಫಾರ್ಮ್‌ನಲ್ಲಿ ಇಲ್ಲ. ಮೊದಲ ಪ್ರಶ್ನೆಯಾಗಿ ಸೇರಿಸುತ್ತೇನೆ.

ಕೇಳಿ ಓದುವವನು
ಫಾರ್ಮ್‌ನಲ್ಲಿ ಸೇರಿಸುವುದಕ್ಕಿಂತ ಮೊದಲು ಫಾರ್ಮ್ ಅನ್ನು ಸ್ಕ್ರೀನ್ ರೀಡರ್‌ನಲ್ಲಿ ತೆರೆದು ನೋಡಿ.

ಗಣಿತ ಪ್ರಿಯ
ಇಷ್ಟೆಲ್ಲ ಯಾಕೆ? ಇಂಪ್ಯಾಕ್ಟ್ ಫ್ಯಾಕ್ಟರ್ (ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬ ಅಳತೆ) ಹೆಚ್ಚಿರುವ ಜರ್ನಲ್ ಇರುವ ಪ್ಯಾಕೇಜ್ ತೆಗೆದುಕೊಂಡರೆ ಮುಗಿಯಿತು.

ಅಂಕಿಗಣ್ಣು
ಗಣಿತದವರೇ ಹೀಗೆ ಹೇಳಬಾರದು. ನಿಮ್ಮ ವಿಷಯದಲ್ಲಿ ಉಲ್ಲೇಖಗಳು ನಿಧಾನವಾಗಿ ಬರುತ್ತವೆ. ಎರಡು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್‌ನಲ್ಲಿ ಒಳ್ಳೆಯ ಗಣಿತ ಜರ್ನಲ್‌ಗಳೇ ಜೀವವಿಜ್ಞಾನದ ಸಾಧಾರಣ ಜರ್ನಲ್‌ಗಳಿಗಿಂತ ಕೆಳಗೆ ಕಾಣುತ್ತವೆ. ಆ ಅಳತೆ ಹಿಡಿದರೆ ಮೊದಲು ಹೋಗುವುದು ನಿಮ್ಮ ಜರ್ನಲ್.

ಇತಿಹಾಸದವಳು
2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಡೋರಾ ಘೋಷಣೆ ಹೇಳುವುದೂ ಇದನ್ನೇ. ಜರ್ನಲ್‌ನ ಅಂಕಿಯಿಂದ ಒಂದೊಂದು ಲೇಖನದ, ಒಬ್ಬೊಬ್ಬ ಸಂಶೋಧಕರ ಯೋಗ್ಯತೆ ಅಳೆಯಬೇಡಿ ಅಂತ. ನೇಮಕಾತಿಯಲ್ಲಿ ಈಗಲೂ ಅದೇ ನಡೆಯುತ್ತಿದೆ. ನನ್ನ ಸಹೋದ್ಯೋಗಿಗಳು ಪುಸ್ತಕ ಬರೆಯುವುದನ್ನು ಬಿಟ್ಟು...

ನಿರ್ವಾಹಕಿ
ನೇಮಕಾತಿ ಚರ್ಚೆಗೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಇಲ್ಲಿ ಟ್ರಯಲ್ ಮತ್ತು ಮೌಲ್ಯಮಾಪನ ಮಾತ್ರ.

ಕರಾರು ಓದುಗ
ಎಲ್ಲರೂ ಒಳಗಿನ ವಸ್ತುವಿನ ಬಗ್ಗೆ ಮಾತಾಡುತ್ತಿದ್ದೀರಿ. ಕರಾರಿನ ಬಗ್ಗೆ ಅಧ್ಯಾಪಕರನ್ನು ಯಾರೂ ಕೇಳುವುದಿಲ್ಲ, ಅವರಿಗೆ ಅದು ಬೇಡದ ವಿಷಯ ಅಂದುಕೊಳ್ಳುತ್ತೇವೆ. ಕಾನೂನಿನ ಭಾಷೆ ಅವರು ಓದಬೇಕಾಗಿಲ್ಲ. ಆದರೆ ತರಗತಿಯಲ್ಲಿ ಏನು ಮಾಡುತ್ತಾರೆ ಎಂದು ಅವರೇ ಹೇಳಬೇಕು.

ಉದಾಹರಣೆಗೆ ಇ-ಬುಕ್. ಒಂದು ಸಲಕ್ಕೆ ಒಬ್ಬರೇ ಓದಬಹುದಾದ ಪರವಾನಗಿ ಕೊಂಡಿರುತ್ತೇವೆ. ಅದು ಪಠ್ಯಪುಸ್ತಕ, ಇಡೀ ತರಗತಿ ಪರೀಕ್ಷೆಯ ಹಿಂದಿನ ದಿನ ತೆರೆಯುತ್ತದೆ ಅನ್ನುವುದು ನಮಗೆ ಗೊತ್ತಿರುವುದಿಲ್ಲ, ಮೇಷ್ಟ್ರಿಗೆ ಗೊತ್ತಿರುತ್ತದೆ. ಒಬ್ಬರು ಒಳಗೆ, ಉಳಿದವರೆಲ್ಲ ಹೊರಗೆ. ಕೌಂಟರ್ ವರದಿಯಲ್ಲಿ 'ಲಿಮಿಟ್ ಎಕ್ಸೀಡೆಡ್' ಎಂಬ ಸಾಲು ಎಣಿಸುವುದು ಇವರನ್ನೇ. ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ.

ಇನ್ನೊಂದು, ಸಾವಿರಾರು ಲೇಖನಗಳನ್ನು ಒಟ್ಟಿಗೆ ಇಳಿಸಿ ಕಂಪ್ಯೂಟರಿನಿಂದ ವಿಶ್ಲೇಷಿಸುವವರು. ಕರಾರಿನಲ್ಲಿ ಅನುಮತಿ ಇಲ್ಲದಿದ್ದರೆ ಒಬ್ಬ ವಿದ್ಯಾರ್ಥಿಯ ಡೌನ್‌ಲೋಡ್‌ನಿಂದ ಇಡೀ ಕಾಲೇಜಿನ ಪ್ರವೇಶ ನಿಂತುಹೋಗಬಹುದು. ನಿಮ್ಮಲ್ಲಿ ಅಂಥ ಸಂಶೋಧನೆ ಮಾಡುವವರು ಯಾರು ಎಂದು ಟ್ರಯಲ್ ಹೊತ್ತಿಗೇ ವಿಚಾರಿಸಿ, ಕರಾರಿನಲ್ಲಿ ಬರೆಸಿ.

ಚಂದಾ ನಿಂತ ಮೇಲೆ ಏನು ಉಳಿಯುತ್ತದೆ ಅನ್ನುವುದೂ ಮುಖ್ಯ. ದುಡ್ಡು ಕಟ್ಟಿದ ವರ್ಷಗಳ ಸಂಚಿಕೆಗಳು ಉಳಿಯುತ್ತವಾ, ಎಲ್ಲ ಹೋಗುತ್ತದಾ? ಡಿಜಿಟಲ್ ಪ್ರತಿಗಳನ್ನು ಕಾಪಾಡಿಡುವ ಲಾಕ್ಸ್, ಕ್ಲಾಕ್ಸ್, ಪೋರ್ಟಿಕೊ ಇವುಗಳಲ್ಲಿ ಒಂದರಲ್ಲಾದರೂ ಪ್ರತಿ ಇದೆಯಾ? ಜರ್ನಲ್‌ಗಳಿಗಾದರೆ ಕೀಪರ್ಸ್ ರಿಜಿಸ್ಟ್ರಿಯಲ್ಲಿ ಹುಡುಕಿದರೆ ಯಾವುದು ಎಲ್ಲಿ ಉಳಿದಿದೆ ಎಂದು ಸಿಗುತ್ತದೆ.

ಸಂಶೋಧಕ
ಈಗ ಬರುತ್ತಿರುವ ಎಐ ಹುಡುಕಾಟದ ಸಾಧನಗಳನ್ನು ಹೇಗೆ ಪರೀಕ್ಷಿಸುವುದು? ಪ್ರಶ್ನೆ ಕೇಳಿದರೆ ಸಾರಾಂಶ ಬರೆದು ಆಕರ ತೋರಿಸುತ್ತವಲ್ಲ, ಅವು.

ರಸಾಯನ ಮೇಷ್ಟ್ರು
ಇಲ್ಲಿ ಅಧ್ಯಾಪಕರಿಲ್ಲದೆ ಮೌಲ್ಯಮಾಪನ ಆಗುವುದೇ ಇಲ್ಲ. ನೀವು ಚೆನ್ನಾಗಿ ಬಲ್ಲ ವಿಷಯದಲ್ಲಿ, ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ. ಅದು ತೋರಿಸುವ ಪ್ರತಿ ಆಕರವನ್ನೂ ತೆರೆಯಿರಿ. ಆ ಲೇಖನ ನಿಜವಾಗಿ ಇದೆಯಾ? ಇದ್ದರೆ ಅದರಲ್ಲಿ ಆ ಮಾತು ಇದೆಯಾ? ಎರಡನೆಯದರಲ್ಲೇ ಜಾಸ್ತಿ ತಪ್ಪು ಸಿಗುತ್ತದೆ. ಆಮೇಲೆ ಹಿಂತೆಗೆದುಕೊಂಡ ಲೇಖನವೊಂದರ ವಿಷಯ ಕೇಳಿ, ಅದನ್ನು ಎಚ್ಚರಿಕೆಯಿಲ್ಲದೆ ಉಲ್ಲೇಖಿಸುತ್ತದಾ ನೋಡಿ. ಉತ್ತರವೇ ಇಲ್ಲದ ಪ್ರಶ್ನೆಯನ್ನೂ ಕೇಳಿ, ಗೊತ್ತಿಲ್ಲ ಅನ್ನುತ್ತದಾ ನೋಡಿ. ಒಂದೇ ಪ್ರಶ್ನೆಯನ್ನು ಮತ್ತೊಂದು ದಿನ ಕೇಳಿ. ಮುಖ್ಯವಾದ ಲೇಖನ ಬಿಟ್ಟುಹೋಗಿದ್ದರೆ ವಿಷಯ ಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಅಪಾಯ ಇರುವುದು ಅಲ್ಲಿ.

ಕರಾರು ಓದುಗ
ಅದರ ಜೊತೆ, ನಾವು ಟೈಪ್ ಮಾಡುವ ಪ್ರಶ್ನೆಗಳು ಎಲ್ಲಿಗೆ ಹೋಗುತ್ತವೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಸಂಶೋಧಕರ ಹೊಸ ಯೋಚನೆಗಳು ಆ ಪ್ರಶ್ನೆಗಳಲ್ಲೇ ಇರುತ್ತವೆ.

ಹಳೇ ಲೈಬ್ರೇರಿಯನ್
ಅಧ್ಯಾಪಕರು ಜೊತೆಗೆ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. 2019ರ ಫೆಬ್ರವರಿಯಲ್ಲಿ ಜರ್ನಲ್ ಪ್ರಕಾಶಕ ಎಲ್ಸೆವಿಯರ್ ಜೊತೆಗಿನ ಮಾತುಕತೆ ಮುರಿದುಬಿತ್ತು, ಜುಲೈನಲ್ಲಿ ಹೊಸ ಲೇಖನಗಳ ಪ್ರವೇಶ ನಿಂತಿತು. ಲೈಬ್ರರಿಗಳು ಒಂಟಿಯಾಗಿ ಆ ನಿರ್ಧಾರ ಮಾಡಿದ್ದರೆ ಅಧ್ಯಾಪಕರೇ ತಿರುಗಿ ಬೀಳುತ್ತಿದ್ದರು. ಆದರೆ ಮಾತುಕತೆಯ ಮೇಜಿನಲ್ಲೇ ಅಧ್ಯಾಪಕರು ಇದ್ದರು, ಅವರ ಪ್ರಾತಿನಿಧಿಕ ಸಭೆಯಾದ ಸೆನೆಟ್ ಬಹಿರಂಗವಾಗಿ ಬೆಂಬಲ ಕೊಟ್ಟಿತು. ಎಲ್ಸೆವಿಯರ್‌ನದೇ ಆದ ಸೆಲ್ ಪ್ರೆಸ್ ಜರ್ನಲ್‌ಗಳ ಸಂಪಾದಕ ಮಂಡಳಿಯಲ್ಲಿದ್ದ ಕೆಲವು ಪ್ರಾಧ್ಯಾಪಕರು ಒಪ್ಪಂದ ಆಗುವವರೆಗೆ ಕೆಲಸ ಮಾಡುವುದಿಲ್ಲ ಎಂದು ಬರೆದುಕೊಟ್ಟರು. 2021ರ ಮಾರ್ಚ್‌ನಲ್ಲಿ ಹೊಸ ಒಪ್ಪಂದ ಆಯಿತು.

ಗಣಿತ ಪ್ರಿಯ
ಅದು ದೊಡ್ಡ ವಿಶ್ವವಿದ್ಯಾಲಯ. ಸಣ್ಣ ಕಾಲೇಜಿನ ಮಾತು ಯಾರು ಕೇಳುತ್ತಾರೆ?

ಹಳೇ ಲೈಬ್ರೇರಿಯನ್
ಕಂಪನಿ ಕೇಳದಿರಬಹುದು. ನಿಮ್ಮ ಅಧ್ಯಾಪಕರು ಕೇಳುತ್ತಾರೆ. ಅವರ ಮುಂದೆ ಬೆಲೆ ಇಡಿ. ಬಹಳ ಲೈಬ್ರರಿಗಳು ಬೆಲೆಯನ್ನು ಗುಟ್ಟಾಗಿ ಇಡುತ್ತವೆ, ಕೆಲವು ಕರಾರುಗಳು ಹಾಗೆ ಮಾಡಿಸುತ್ತವೆ ಕೂಡ. ಬೆಲೆ ಗೊತ್ತಿಲ್ಲದವರನ್ನು ಬೇಕಾ ಅಂದರೆ ಬೇಕು ಅನ್ನದೆ ಏನು ಮಾಡುತ್ತಾರೆ? "ಇದು ಬೇಕಾದರೆ ಇಷ್ಟು ಬೆಲೆಯ ಯಾವುದನ್ನು ಬಿಡುತ್ತೀರಿ?" ಎಂದು ಕೇಳಿ. ಆಗ ನಿಜವಾದ ಮೌಲ್ಯಮಾಪನ ಶುರುವಾಗುತ್ತದೆ.

ಇತಿಹಾಸದವಳು
ನಾವು ಫಾರ್ಮ್ ತುಂಬದಿರುವುದಕ್ಕೆ ಇನ್ನೊಂದು ಕಾರಣ ಹೇಳುತ್ತೇನೆ. ತುಂಬಿ ಕೊಟ್ಟ ಮೇಲೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ. ಕೊಂಡರಾ, ಬಿಟ್ಟರಾ, ಯಾಕೆ? ನನ್ನ ಮಾತು ಲೆಕ್ಕಕ್ಕೆ ಬಂತಾ? ಬೇಡ ಅಂತ ನಿರ್ಧರಿಸಿದರೂ ಪರವಾಗಿಲ್ಲ, ಎರಡು ಸಾಲು ಬರೆದು ಕಾರಣ ತಿಳಿಸಿ. ಮುಂದಿನ ಸಲ ನಾನೇ ಮೊದಲು ತುಂಬುತ್ತೇನೆ.

ಕಪಾಟು
ಮೇಡಂ, ಇದು ನಮ್ಮಲ್ಲಿ ನಡೆದೇ ಇಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ನಾಳೆ ಆ ಹಿರಿಯ ಪ್ರಾಧ್ಯಾಪಕರನ್ನೇ ಭೇಟಿ ಮಾಡುತ್ತೇನೆ. ಅವರ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳೂ ಬರಲಿ ಎಂದು ಕೇಳಿದ್ದೇನೆ. ಈಗ ನಮ್ಮಲ್ಲಿ ಇಲ್ಲದ, ಮುಕ್ತವಾಗಿಯೂ ಸಿಗದ ಜರ್ನಲ್‌ಗಳ ಪಟ್ಟಿ ತೆಗೆದಿಟ್ಟಿದ್ದೇನೆ. ಪಕ್ಕದಲ್ಲಿ ಎಂಬಾರ್ಗೊ, ಬೆಲೆ ಎರಡೂ ಬರೆದಿದ್ದೇನೆ. ಟ್ರಯಲ್ ಇನ್ನೊಮ್ಮೆ ತೆರೆಯಲು ಕಂಪನಿ ಒಪ್ಪುತ್ತದಾ ಗೊತ್ತಿಲ್ಲ.

ಮಾರಾಟದ ಕಡೆಯವ
ಸಾಮಾನ್ಯವಾಗಿ ಒಪ್ಪುತ್ತಾರೆ, ಕೇಳಿ. ಸುಮ್ನೆ ವಿಸ್ತರಿಸಿ ಅನ್ನಬೇಡಿ. ಯಾವ ವಿಭಾಗ, ಯಾರು ನೋಡುತ್ತಾರೆ, ಯಾವ ತಾರೀಖಿಗೆ ನಿರ್ಧಾರ ಹೇಳುತ್ತೀರಿ ಎಂದು ಮೂರು ಸಾಲು ಬರೆಯಿರಿ. ಟ್ರಯಲ್ ಅವಧಿಯ ಬಳಕೆ ವರದಿಯನ್ನೂ ಅದೇ ಮೇಲ್‌ನಲ್ಲಿ ಕೇಳಿ. ಆಮೇಲೆ ಕೇಳಿದರೆ ತಡವಾಗುತ್ತದೆ.

ಸಂಶೋಧಕ
ನಾಳೆಯ ಭೇಟಿ ಹೇಗಾಯಿತು ಎಂದು ಇಲ್ಲೇ ಬರೆಯಿರಿ.